ಹಾಲಿನ ಬಾಟಲಿ ಕುರಿತು ಪೋಷಕರಿಗೆ

ಮಾನ್ಯ ಪೋಷಕರೇ,

ನಮಸ್ಕಾರ. ಪುಟಾಣಿಗಳ ಕೋಣೆಯಲ್ಲಿ ಹೋದ ವಾರ ಐದು ಮಕ್ಕಳಿಗೆ ಭೇದಿಯಾಯಿತು. ವಾಟ್ಸಾಪ್ ಗುಂಪಿನಲ್ಲಿ "ಶಾಲೆ ನೀರೇ ಸರಿ ಇಲ್ಲ" ಎಂದು ಕೆಲವರು ಬರೆದಿರಿ. ಬಾಟಲಿ ಬೇಡ ಎಂದು ನಾವು ಹೇಳಿ ಕಳಿಸಿದ ಮೇಲೆ "ತಮ್ಮ ತಪ್ಪನ್ನು ನಮ್ಮ ತಲೆಗೆ ಕಟ್ತಿದ್ದಾರೆ" ಎಂಬ ಮಾತೂ ಬಂತು. ಮಗು ಸೊರಗಿದಾಗ ಸಿಟ್ಟು ಬರುವುದು ಸಹಜ. ಉತ್ತರ ಕೊಡಬೇಕಾದವಳು ನಾನು, ಕೊಡುತ್ತೇನೆ.

ಮೊದಲು ನೀರಿನ ವಿಷಯ. ಸಂಪು, ಮೇಲಿನ ಟ್ಯಾಂಕು ಎರಡನ್ನೂ ಉಜ್ಜಿ ತೊಳೆಸಿದ್ದೇವೆ. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಲೆಕ್ಕದಲ್ಲಿ ಬ್ಲೀಚಿಂಗ್ ಪುಡಿ ಕದಡಿ, ಮೇಲಿನ ತಿಳಿಯನ್ನಷ್ಟೇ ಸುರಿದು, ಒಂದು ಗಂಟೆ ಬಿಟ್ಟ ಮೇಲೆಯೇ ಬಳಸುತ್ತೇವೆ. ನಲ್ಲಿಯ ತುದಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ದಿನಾ ಬೆಳಿಗ್ಗೆ ನೋಡಿ ರಿಜಿಸ್ಟರಿನಲ್ಲಿ ಬರೆಯುತ್ತಿದ್ದೇವೆ. ಯಾರು ಬೇಕಾದರೂ ಬಂದು ನೋಡಬಹುದು. ನಮ್ಮದೂ ಒಂದು ತಪ್ಪಿತ್ತು: ಕುಡಿಯುವ ನೀರಿನ ಡ್ರಮ್ಮಿಗೆ ಲೋಟ ಅದ್ದಿ ತೆಗೆಯುತ್ತಿದ್ದೆವು. ಟ್ಯಾಂಕಿನಲ್ಲಿ ಎಷ್ಟೇ ಶುದ್ಧವಾಗಿದ್ದರೂ ಬೆರಳು ಮುಳುಗಿದ ನೀರು ಕೆಟ್ಟಂತೆಯೇ. ಈಗ ನಲ್ಲಿ ಇರುವ, ಮುಚ್ಚಳ ಬಿಗಿದ ಡ್ರಮ್ ಇಟ್ಟಿದ್ದೇವೆ. ಡೈಪರ್ ಬದಲಿಸುವ ಆಯಾ ಊಟ ಬಡಿಸುವುದಿಲ್ಲ. ಸ್ಯಾನಿಟೈಸರ್ ನಂಬುವುದನ್ನೂ ಬಿಟ್ಟಿದ್ದೇವೆ. ಭೇದಿ ತರುವ ಕೆಲವು ವೈರಸ್‌ಗಳಿಗೆ ಅದು ಅಷ್ಟಾಗಿ ನಾಟುವುದಿಲ್ಲ, ಸೋಪು ನೀರೇ ಆಗಬೇಕು.

ಇನ್ನು ಬಾಟಲಿ. "ದಿನಾ ಕುದಿಸ್ತೀವಲ್ಲ ಮೇಡಂ" ಎನ್ನುತ್ತೀರಿ. ಕುದಿಸುತ್ತೀರಿ, ನನಗೆ ಅನುಮಾನವಿಲ್ಲ. ಇವತ್ತು ರಾತ್ರಿ ಒಂದು ಸಲ ನಿಪ್ಪಲನ್ನು ಒಳಗು ಹೊರಗು ಮಗುಚಿ, ಬಾಟಲಿಯ ಕತ್ತಿಗೆ ತಿರುಗಿಸುವ ಬಳೆಯ ಒಳಸುತ್ತಿನಲ್ಲಿ ಬೆರಳಾಡಿಸಿ ನೋಡಿ. ಜಾರುವ ಒಂದು ಪೊರೆ ಸಿಗುತ್ತದೆ. ಒಣಗಿದ ಹಾಲಿನ ಜಿಡ್ಡು ಅದು. ಬಿಚ್ಚಿ, ಬ್ರಷ್ಷಿನಿಂದ ಉಜ್ಜಿ ಆ ಜಿಡ್ಡು ತೆಗೆಯದೆ ಕುದಿಸಿದರೆ ಕುದಿಸಿದ್ದು ಪೂರ್ತಿ ಫಲ ಕೊಡುವುದಿಲ್ಲ.

ಉಜ್ಜಿಯೇ ಕುದಿಸಿದಿರಿ ಎನ್ನೋಣ. ಬೆಳಿಗ್ಗೆ ಎಂಟಕ್ಕೆ ತುಂಬಿದ ಹಾಲನ್ನು ಮಗು ಹನ್ನೊಂದಕ್ಕೆ ಅರ್ಧ ಕುಡಿಯುತ್ತದೆ, ಮಿಕ್ಕಿದ್ದನ್ನು ಊಟದ ನಂತರ ಕೇಳುತ್ತದೆ. ನಡುವೆ ನಿಪ್ಪಲ್ ಚಾಪೆಗೆ ಬಿದ್ದಿರುತ್ತದೆ, ಪಕ್ಕದ ಮಗು ಬಾಯಿಗಿಟ್ಟಿರುತ್ತದೆ. ಬೆಚ್ಚಗಿನ ಹಾಲಿಗೆ ಹೆಪ್ಪು ಹಾಕಿಟ್ಟರೆ ಏನಾಗುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಇಲ್ಲಿ ಹೆಪ್ಪು ಎಂಜಲಿನದು, ಚಾಪೆಯದು. ಫ್ಲಾಸ್ಕಿನ ಉಗುರುಬೆಚ್ಚಗೆಯಂತೂ ರೋಗಾಣು ಹೆಚ್ಚುವುದಕ್ಕೆ ಹೇಳಿ ಮಾಡಿಸಿದ್ದು. ಸಿಪ್ಪರ್ ಆದರೆ ಪರವಾಗಿಲ್ಲವೇ ಎಂದು ಮೂವರು ಕೇಳಿದ್ದೀರಿ. ಅದರ ಕೊಳವೆಯೊಳಗೆ ಬಾಟಲಿ ತೊಳೆಯುವ ಬ್ರಷ್ಷೂ ಹೋಗುವುದಿಲ್ಲ. ನಮ್ಮ ದೇಶದಲ್ಲಿ ಹಾಲಿನ ಬಾಟಲಿಯ ಜಾಹೀರಾತನ್ನು 1992ರ ಕಾಯ್ದೆಯೇ ನಿಷೇಧಿಸಿದೆ. ಈ ನಿಯಮ ನನ್ನ ತಲೆಯಲ್ಲಿ ಹುಟ್ಟಿದ್ದಲ್ಲ.

ಕೆಲಸಕ್ಕೆ ಹೋಗುವ ತಾಯಂದಿರನ್ನು ದೂರುತ್ತಿದ್ದೇನೆ ಎಂದು ದಯವಿಟ್ಟು ಭಾವಿಸಬೇಡಿ. ಎದೆಹಾಲು ಹಿಂಡಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ತಂದುಕೊಡಿ. ಬಂದ ಕೂಡಲೇ ಫ್ರಿಜ್ಜಿನಲ್ಲಿಟ್ಟು ಒಳಲೆಯಲ್ಲಿ, ಅಂದರೆ ಮಗುವಿಗೆ ಹಾಲು ಕುಡಿಸುವ ಮೂತಿಯ ಪುಟ್ಟ ಬಟ್ಟಲಿನಲ್ಲಿ, ಕುಡಿಸುತ್ತೇವೆ. ಒಳಲೆಗೆ ಮೂಲೆಯಿಲ್ಲ, ಸಂದಿಯಿಲ್ಲ, ತೊಳೆದದ್ದು ಕಣ್ಣಿಗೆ ಕಾಣುತ್ತದೆ. ಅಜ್ಜಿಯಂದಿರಿಗೆ ಇದು ಗೊತ್ತಿತ್ತು. ವರ್ಷ ದಾಟಿದ ಮಕ್ಕಳಿಗೆ ಲೋಟ ಸಾಕು. ಎರಡು ಮೂರು ದಿನ ಅಳುತ್ತಾರೆ, ಅಂಗಿ ಮೇಲೆ ಚೆಲ್ಲಿಕೊಳ್ಳುತ್ತಾರೆ. ಎತ್ತಿಕೊಂಡು ಸಮಾಧಾನ ಮಾಡಲು ನಾವಿದ್ದೇವೆ. ಆದರೆ ಬಾಟಲಿ ಮಾತ್ರ ಒಳಗೆ ಬರುವುದಿಲ್ಲ.

"ಹಲ್ಲು ಬರ್ತಿದೆ, ಅದಕ್ಕೇ ಭೇದಿ" ಎಂಬ ಮಾತಿಗೂ ಉತ್ತರ ಹೇಳಿಬಿಡುತ್ತೇನೆ. ಹಲ್ಲು ಭೇದಿ ಮಾಡಿಸುವುದಿಲ್ಲ. ಹಲ್ಲು ಬರುವ ವಯಸ್ಸೂ ಅಂಬೆಗಾಲಿಟ್ಟು ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ವಯಸ್ಸೂ ಒಂದೇ. ಮೇಲಾಹಾರ ಶುರುವಾಗುವುದೂ ಆಗಲೇ, ತಾಯಿಯಿಂದ ಬಂದ ರೋಗನಿರೋಧಕ ಶಕ್ತಿ ಇಳಿಯುವುದೂ ಆಗಲೇ. ತಪ್ಪನ್ನು ಹಲ್ಲಿನ ಮೇಲೆ ಹಾಕಿ ಕೂತರೆ ಓಆರ್‌ಎಸ್ ಕೊಡುವುದು ತಡವಾಗುತ್ತದೆ, ಅಪಾಯ ಇರುವುದು ಅಲ್ಲಿ. ಒಂದು ಲೀಟರಿನ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೇ ಹಾಕಿ. ಲೋಟಕ್ಕಿಷ್ಟು ಎಂದು ಅಂದಾಜಿನಲ್ಲಿ ಉದುರಿಸಬೇಡಿ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿಲಿಲೀಟರ್, ಚಮಚದಲ್ಲಿ ನಿಧಾನವಾಗಿ. ಎದೆಹಾಲು, ಗಂಜಿ ನಿಲ್ಲಿಸಬೇಡಿ. ಜಿಂಕ್ ಮಾತ್ರೆಯನ್ನು ಭೇದಿ ನಿಂತರೂ 14 ದಿನ ಮುಗಿಸಿ. ಮಲದಲ್ಲಿ ರಕ್ತ ಕಂಡರೆ, ಕಣ್ಣು ಗುಳಿಬಿದ್ದರೆ, ಮಗು ಕುಡಿಯದೆ ಮಂಕಾದರೆ ತಕ್ಷಣ ಆಸ್ಪತ್ರೆಗೆ.

ಭೇದಿ ನಿಂತ ಮೇಲೆ 48 ಗಂಟೆ ಮನೆಯಲ್ಲೇ ಇರಬೇಕೆಂಬ ಹಳೆಯ ನಿಯಮ ಹಾಗೇ ಇದೆ.

ಸೋಮವಾರದಿಂದ ಬಾಟಲಿಯ ಬದಲು, ಹೆಸರು ಕೊರೆಸಿದ ಒಂದು ಸಣ್ಣ ಸ್ಟೀಲ್ ಲೋಟ ಹಾಕಿ ಕಳಿಸಿ.

ಇತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ