ಅಪ್ಪನ ಕಿವಿಗೊಂದು ಸಿ.ಡಿ.

ಸ್ಯಾನ್ ಫ್ರಾನ್ಸಿಸ್ಕೊ,
ಭಾನುವಾರ ರಾತ್ರಿ

ಪ್ರೀತಿಯ ಅಮ್ಮನಿಗೆ,

ನಮಸ್ಕಾರಗಳು. ನಾನು ಕ್ಷೇಮ. ಅಜ್ಜಿಗೂ ಚಿಕ್ಕಪ್ಪನ ಮನೆಯವರಿಗೂ ನನ್ನ ನಮಸ್ಕಾರ ತಿಳಿಸು. ರಘುವಿನ ಪರೀಕ್ಷೆ ಮುಗಿಯಿತೇ?

ನಿನ್ನ ಪತ್ರ ಗುರುವಾರ ಕೈಸೇರಿತು. ನೀನು ಸೊಪ್ಪು ತನ್ನಿ ಎಂದರೆ ಅಪ್ಪ ಎರಡು ಪೊಟ್ಟಣ ಉಪ್ಪು ತಂದು, ಸರಿಯಾಗಿ ಹೇಳಬಾರದೇ ಎಂದು ನಿನ್ನ ಮೇಲೆಯೇ ರೇಗಿದರು ಎಂದು ಬರೆದಿದ್ದೀಯ. ರೇಡಿಯೊ ಹಚ್ಚುವುದನ್ನೇ ಬಿಟ್ಟಿದ್ದಾರೆ, ಮನೆಗೆ ಯಾರಾದರೂ ಬಂದರೆ ಒಳಗೆ ಹೋಗಿ ಮಲಗಿಬಿಡುತ್ತಾರೆ ಎಂಬುದನ್ನು ಓದಿದ ಮೇಲೆ ನನಗೆ ನಿದ್ದೆ ಬಂದಿಲ್ಲ. ಅಮ್ಮ, ಅದು ಸಿಟ್ಟಲ್ಲ, ಮರೆವೂ ಅಲ್ಲ. ಮೂವತ್ತು ವರ್ಷ ಮಿಲ್ಲಿನಲ್ಲಿ ಮಗ್ಗಗಳ ನಡುವೆ ನಿಂತ ಕಿವಿ ಅದು. ಅಂಥ ಸದ್ದಿಗೆ ಒಳಗಿವಿಯ ಸೂಕ್ಷ್ಮ ಕೋಶಗಳು ಸಾಯುತ್ತವೆ, ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು ಕೀರಲು ಧ್ವನಿ, ಆಮೇಲೆ ಸ, ಶದಂಥ ಅಕ್ಷರಗಳು. ‘ಸೊಪ್ಪು’ವಿನಲ್ಲಿ ಸಕಾರ ಬಿದ್ದುಹೋದರೆ ಉಳಿಯುವುದು ‘ಒಪ್ಪು’, ಅದು ಉಪ್ಪಿನಂತೆಯೇ ಕೇಳುತ್ತದಲ್ಲವೇ? ಚಿಕ್ಕಪ್ಪನ ದಪ್ಪ ದನಿ ತಿಳಿಯುತ್ತದೆ, ನಿನ್ನದು ತಿಳಿಯುವುದಿಲ್ಲ ಎಂದರೆ ಅವರು ಬೇಕೆಂದೇ ಹಾಗೆ ಮಾಡುತ್ತಿಲ್ಲ. ದಯವಿಟ್ಟು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಅದಕ್ಕೇ ಈ ಸಿ.ಡಿ. ಕಳಿಸುತ್ತಿದ್ದೇನೆ. ಪ್ರಕಾಶ ಮಾವ ಬೆಂಗಳೂರಿನಿಂದ ತಂದಿದ್ದ ಗಿಟಾರಿನ ಕ್ಯಾಸೆಟ್ ನೆನಪಿದೆಯೇ, ಕಾರ್ಲೋಸ್ ಸಂಟಾನಾ ಅವರದು? ನಾನು ಓದುವಾಗ ಹಾಕಿಕೊಂಡರೆ ಅಪ್ಪ ಬಾಗಿಲಿಗೆ ಒರಗಿ ನಿಲ್ಲುತ್ತಿದ್ದರು. ‘ಇದರಲ್ಲಿ ಮಾತೇ ಇಲ್ಲವಲ್ಲ’ ಎನ್ನುತ್ತಲೇ ಹೆಬ್ಬೆರಳಿನಿಂದ ಚೌಕಟ್ಟಿನ ಮೇಲೆ ತಾಳ ಹಾಕುತ್ತಿದ್ದರು. ‘ಸಾಂಬಾ ಪಾ ತಿ’ ಎಂಬ ಹೆಸರು ಕೇಳಿ, ಸಾಂಬ ಎಂದರೆ ಶಿವನೇ, ಭಜನೆ ಇರಬೇಕು ಎಂದಿದ್ದರು ಅಜ್ಜಿ. ಸ್ಪ್ಯಾನಿಷ್‌ನಲ್ಲಿ ಅದರ ಅರ್ಥ ನಿನಗಾಗಿ ಒಂದು ಸಾಂಬಾ ಎಂದು. ಸಾಂಬಾ ಎಂದರೆ ಬ್ರೆಜಿಲ್‌ನ ಕುಣಿತದ ಲಯ. 1970ರದು. ಮಾತಿಲ್ಲದ್ದರಿಂದಲೇ ಅದನ್ನು ಆರಿಸಿದ್ದೇನೆ. ಅಕ್ಷರ ತಪ್ಪಿಹೋಗುವ ಭಯ ಅದರಲ್ಲಿಲ್ಲ. ಗಿಟಾರಿನ ಆ ನೀಳ ಸ್ವರ ಅಪ್ಪನನ್ನು ಇನ್ನೂ ಮುಟ್ಟುತ್ತದೆ ಎಂದು ನನಗೆ ನಂಬಿಕೆಯಿದೆ.

ಸಿ.ಡಿ.ಯ ಹೆಸರು ‘ಅಲ್ಟಿಮೇಟ್ ಸಂಟಾನಾ’, 2007ರದು. 1969ರಿಂದ ಅಲ್ಲಿಯವರೆಗಿನ ಹಾಡುಗಳನ್ನು ಆರಿಸಿ ಸೇರಿಸಿದ್ದಾರೆ. ಅಮೆರಿಕದ ಗಾಯಕಿ ಟೀನಾ ಟರ್ನರ್ ಹಾಡಿ, ಐದು ವರ್ಷ ಹೊರಬರದೆ ಉಳಿದಿದ್ದ ‘ದ ಗೇಮ್ ಆಫ್ ಲವ್’ ಕೂಡ ಇದೆ. ಆದರೆ ಹಾಡುಗಳು ಕಾಲಕ್ರಮದಲ್ಲಿಲ್ಲ. ಹೊಸದನ್ನೇ ಮೊದಲಿಗಿಟ್ಟಿದ್ದಾರೆ, ಅದು ನನಗೆ ಹಿಡಿಸಲಿಲ್ಲ. ಮೊದಲ ಹಾಡಿನಿಂದ ಶುರು ಮಾಡಿದರೆ ಅಪ್ಪ ಎದ್ದು ಹೋಗುತ್ತಾರೆ. ಹಿಂಬದಿಯಲ್ಲಿ ಹೆಸರು ನೋಡಿ ನೇರವಾಗಿ ‘ಸಾಂಬಾ ಪಾ ತಿ’ ಹಾಕಲು ರಘುವಿಗೆ ಹೇಳು. ಆಮೇಲೆ ‘ಓಯೆ ಕೋಮೊ ವಾ’. ಅದರಲ್ಲಿ ಕೈಯಿಂದ ಬಾರಿಸುವ ಕಾಂಗಾ ಎಂಬ ಚರ್ಮವಾದ್ಯದ ಪೆಟ್ಟು ನಮ್ಮ ಡೋಲಿನಂತೆ ಎದೆಗೇ ಬೀಳುತ್ತದೆ. ಅದನ್ನು ಬರೆದವರು ಟೀಟೊ ಪುವೆಂಟೆ.

ಸಂಟಾನಾ ಬೆಳೆದದ್ದು ನಾನಿರುವ ಈ ಮಿಷನ್ ಬಡಾವಣೆಯಲ್ಲಿಯೇ. ಮೆಕ್ಸಿಕೊದಿಂದ ಬಂದ ಬಡ ಸಂಸಾರ, ತಂದೆ ಪಿಟೀಲು ನುಡಿಸುವವರು. ಮಗನಿಗೂ ಮೊದಲು ಕಲಿಸಿದ್ದು ಪಿಟೀಲನ್ನೇ. ಗಿಟಾರಿನಲ್ಲೂ ಕಮಾನಿನಿಂದ ಎಳೆದಂತೆ ಸ್ವರ ಬರುವುದು ಅದಕ್ಕೇ ಎಂದು ನನಗನ್ನಿಸುತ್ತದೆ. 52ನೇ ವಯಸ್ಸಿನಲ್ಲಿ ಒಂದೇ ರಾತ್ರಿ ಸಂಗೀತಕ್ಕೆ ಕೊಡುವ ಗ್ರ್ಯಾಮಿ ಪ್ರಶಸ್ತಿಗಳನ್ನು ಎಂಟು ಪಡೆದರು. ವಯಸ್ಸಾಯಿತು ಎಂದು ಮೂಲೆ ಸೇರುವ ಅಪ್ಪನಿಗೆ ಇದನ್ನು ಎರಡು ಸಲ ಓದಿ ಹೇಳು. ಇಲ್ಲಿ ಮನೆಗಳ ಗೋಡೆಗಳ ತುಂಬ ಚಿತ್ರ ಬರೆಯುತ್ತಾರೆ, ಸಂಟಾನಾ ಅವರದೂ ಒಂದಿದೆ, ಮೂರು ಮಹಡಿ ಎತ್ತರ! ಸಿ.ಡಿ. ಕೊಂಡ ಅಂಗಡಿ ಹಿಂದೆ ಬೌಲಿಂಗ್ ಆಡುವ ಜಾಗವಾಗಿತ್ತಂತೆ. ಹಳೆಯ ಸಿ.ಡಿ., ಕಡಿಮೆ ಬೆಲೆಗೇ ಸಿಕ್ಕಿತು, ಖರ್ಚಿನ ಚಿಂತೆ ಬೇಡ.

ಈಗ ಮುಖ್ಯ ವಿಷಯ. ಕೇಳಿಸುವುದಿಲ್ಲವೆಂದು ಜೋರಾಗಿ ಹಾಕಬೇಡಿ, ಈಗ ಉಳಿದಿರುವ ಕೇಳುವ ಶಕ್ತಿಯೂ ಹಾಳಾಗುತ್ತದೆ. ರಘುವಿನ ಜೊತೆ ಅಪ್ಪನನ್ನು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಗೆ ಕಳಿಸು. ಪರೀಕ್ಷೆ ಮಾಡಿ, ಯಾವ ಧ್ವನಿ ಎಷ್ಟು ಕೇಳುತ್ತದೆ ಎಂದು ಬರೆದುಕೊಂಡು, ಅದಕ್ಕೆ ಹೊಂದುವ ಶ್ರವಣ ಯಂತ್ರವನ್ನು ಹೇಳುತ್ತಾರೆ. ಪೇಟೆಯಲ್ಲಿ ಯಾರೋ ಕೊಟ್ಟ ಯಂತ್ರವನ್ನು ಕಿವಿಗಿಡಬೇಡಿ. ಹಾಕಿಕೊಂಡ ಮೊದಲ ಕೆಲವು ವಾರ ಪಾತ್ರೆ ಸದ್ದೂ ಕರ್ಕಶವಾಗಿರುತ್ತದೆ. ತೆಗೆದಿಡುತ್ತೇನೆ ಎನ್ನುತ್ತಾರೆ, ಬಿಡಬೇಡ. ಜನ ನಗುತ್ತಾರೆ ಎಂದರೆ ಕನ್ನಡಕ ಹಾಕಿದಾಗ ಯಾರು ನಕ್ಕರು ಎಂದು ಕೇಳು. ಹಣ ಈ ತಿಂಗಳೇ ಕಳಿಸುತ್ತೇನೆ. ನನಗೆ ಯಾವ ತೊಂದರೆಯೂ ಇಲ್ಲ, ಸಂಬಳ ಸಾಲುತ್ತದೆ, ದಿನವೂ ಬಿಸಿ ಅನ್ನ ಸಾರು ಮಾಡಿಕೊಳ್ಳುತ್ತೇನೆ, ಜುಲೈಯಲ್ಲೂ ಮಂಜು ಕವಿಯುವ ಊರಾದರೂ ನೀನು ಹೆಣೆದ ಸ್ವೆಟರ್ ಇದೆ, ಕೆಮ್ಮು ಪೂರ್ತಿ ವಾಸಿಯಾಗಿದೆ, ನಿಜವಾಗಿಯೂ ಚೆನ್ನಾಗಿದ್ದೇನೆ.

ಅಪ್ಪನ ಜೊತೆ ಮಾತಾಡುವಾಗ ಎದುರಿಗೆ ಕುಳಿತು, ಮುಖ ಕಾಣುವಂತೆ, ನಿಧಾನವಾಗಿ ಮಾತಾಡು. ಅಡುಗೆಮನೆಯಿಂದ ಕೂಗಬೇಡ.

ಸುಮಾ ಹೊರಗೆ ಕಾರಿನಲ್ಲಿ ಕಾಯುತ್ತಿದ್ದಾಳೆ, ಅವಳ ಕೈಯಲ್ಲೇ ಇದನ್ನು ಕೊಡಬೇಕು. ಮೈಸೂರಿಗೆ ಹೋಗುವ ದಿನ ಗೊತ್ತಾದ ಕೂಡಲೇ ತಿಳಿಸು.

ನಿನ್ನ,
ಗೀತಾ