ಹೆಸರು ಹಾಕಬ್ಯಾಡ್ರಿ ಅಂದ ಅಕ್ಕಾರಿಗೆ

ಧಾರವಾಡದ ಸಪ್ತಾಪುರದಲ್ಲಿ ಅರ್ಥಶಾಸ್ತ್ರದ ಹುಡುಗ ಹುಡುಗಿಯರನ್ನು ಕೂಡಿಸಿಕೊಂಡು, ಕನ್ಸಲ್ಟಿಂಗ್ ಸಂದರ್ಶನದ ಕೇಸ್ (ಅಲ್ಲಿ ಕೇಳುವ ವ್ಯಾಪಾರದ ಸಮಸ್ಯೆ) ಬಿಡಿಸುವುದನ್ನು ಪುಕ್ಕಟೆ ಹೇಳಿಕೊಟ್ಟ ಅಕ್ಕಾರ, ನಿಮಗೆ ನಮ್ಮೆಲ್ಲರ ಶರಣು.

ಬ್ಯಾಡಗಿ ಮೆಣಸಿನಕಾಯಿಗೆ ಕೋಲ್ಡ್ ಸ್ಟೋರೇಜ್ ಕಟ್ಟಿದರೆ ಗಿಟ್ಟುತ್ತದೆಯೇ? ನೀವು ಹಾಕಿಸಿದ ಲೆಕ್ಕ ಇದು. ವರ್ಷದ ಸ್ಥಿರ ವೆಚ್ಚ 60 ಲಕ್ಷ ರೂಪಾಯಿ, ಚೀಲಕ್ಕೆ ಬಾಡಿಗೆ 150, ಬದಲಾಗುವ ವೆಚ್ಚ 30 ಎಂದಿಟ್ಟುಕೊಳ್ಳಿ. ಚೀಲಕ್ಕೆ ಉಳಿಯುವುದು 120. 50,000 ಚೀಲ ಬಂದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಕರೆಂಟು, ಹಮಾಲಿ ಏರಿ ಆ 30 ಹೋಗಿ 50 ಆಯಿತೋ, 60,000 ಚೀಲ ಬೇಕು. ಬಹಳ ಮಂದಿ ಇಲ್ಲಿಗೇ ಪೆನ್ನು ಕೆಳಗಿಡುತ್ತಾರೆ. ಅಷ್ಟು ಚೀಲ ಹಿಡಿಸುವ ಜಾಗ ಇದೆಯೇ, ಪಕ್ಕದವರು ಬಾಡಿಗೆ ಇಳಿಸಿದರೆ ಗತಿಯೇನು ಎಂದು ಕೇಳುವವರೇ ಕಡಿಮೆ.

ಆಗಲೇ ಸುರಿದು ವಾಪಸು ಬಾರದ ದುಡ್ಡನ್ನು ಮುಂದಿನ ತೀರ್ಮಾನದ ಲೆಕ್ಕಕ್ಕೆ ಎಳೆಯುವುದು ಇನ್ನೊಂದು ಎಡವಟ್ಟು. ಆದರೆ ಜಾಗ ಇಂದು ಮಾರಿದರೆ ಬರುವ ಬೆಲೆ ಬಿಡುವಂತಿಲ್ಲ. ಐದು ಅಂಕದ ಪ್ರಶ್ನೆಗೆಂದು ಉರುಹೊಡೆದ ಅವಕಾಶ ವೆಚ್ಚ, ಅಂದರೆ ಒಂದನ್ನು ಹಿಡಿದಾಗ ಕೈಬಿಡುವ ಇನ್ನೊಂದರ ಬೆಲೆ, ಇದೇ ತಾನೇ!

ಅಂಕಿಅಂಶದ ಪಾಠಕ್ಕಂತೂ ದೊಡ್ಡ ನಮಸ್ಕಾರ. ಸರ್ಕಾರದ ಮಾರುಕಟ್ಟೆ ದರದ ಜಾಲತಾಣ ಅಗ್‌ಮಾರ್ಕ್‌ನೆಟ್‌ನ ಆವಕ ಮತ್ತು ದರ ಇಳಿಸಿಕೊಂಡು, ಎರಡರ ನಂಟು ಅಳೆಯುವ ರಿಗ್ರೆಶನ್ ಓಡಿಸಿ, ಅದನ್ನೇ ಬೇಡಿಕೆಯ ರೇಖೆ ಎನ್ನುವುದು ತಪ್ಪು. ಪೂರೈಕೆ, ಬೇಡಿಕೆ ಎರಡೂ ಒಟ್ಟಿಗೆ ಅಲುಗಾಡಿರುತ್ತವೆ. ಬ್ಯಾಡಗಿಯ ಎರಡು ಬಗೆ ಡಬ್ಬಿ, ಕಡ್ಡಿಯನ್ನು ಬೆರೆಸಿ ಸರಾಸರಿ ತೆಗೆದರೆ, ದುಬಾರಿ ಬಗೆಯ ಪಾಲು ಹೆಚ್ಚಿದಾಗ ದರ ಏರದಿದ್ದರೂ ಏರಿದಂತೆ ಕಾಣುತ್ತದೆ.

ಉತ್ತರ ಮೊದಲು, ಕಾರಣ ಆಮೇಲೆ ಎಂಬ ನಿಮ್ಮ ಗದರಿಕೆಯ ಜೊತೆಗೆ ಈ ಲೆಕ್ಕಗಳ ಎಕ್ಸೆಲ್ ಹಾಳೆಯನ್ನೂ ಈ ಸಲದ ತಂಡಕ್ಕೆ ದಾಟಿಸಿದ್ದೇವೆ.