ತಿಮ್ಮಮ್ಮನ ಆಲದ ಯಾತ್ರೆಗೆ ಹೊರಡುವ ಸದಸ್ಯರ ಗಮನಕ್ಕೆ

ಮಾನ್ಯ ಸದಸ್ಯರೇ,

ಶನಿವಾರ ರಾತ್ರಿ ಮಡಿಕೇರಿಯಿಂದ ಹೊರಡುವ ನಾವು, ಆಂಧ್ರಪ್ರದೇಶದ ಕದಿರಿಯಲ್ಲಿ ಲಕ್ಷ್ಮೀನರಸಿಂಹಸ್ವಾಮಿಯ ದರ್ಶನ ಮುಗಿಸಿ, ಅಲ್ಲಿಂದ ಸುಮಾರು 25 ಕಿ.ಮೀ. ದೂರದಲ್ಲಿರುವ ತಿಮ್ಮಮ್ಮ ಮರ್ರಿಮಾನು, ಅಂದರೆ ತಿಮ್ಮಮ್ಮನ ಆಲದ ಮರಕ್ಕೆ ಹೋಗಲಿದ್ದೇವೆ. ಸುಮಾರು ಐದು ಎಕರೆಯಷ್ಟು ಹರಡಿರುವ ಈ ಮರ 1989ರಲ್ಲಿ ಗಿನ್ನೆಸ್ ದಾಖಲೆಗೆ ಸೇರಿತು. 15ನೇ ಶತಮಾನದಲ್ಲಿ ಪತಿಯೊಡನೆ ಸಹಗಮನ ಮಾಡಿದ ತಿಮ್ಮಮ್ಮನವರ ಚಿತೆಯ ಕಂಬವೊಂದು ಚಿಗುರಿ ಈ ಆಲವಾಯಿತೆಂಬುದು ಅಲ್ಲಿನವರ ನಂಬಿಕೆ. ಮರದಡಿಯ ಅವರ ಗುಡಿಯಲ್ಲಿ ಮಕ್ಕಳಿಲ್ಲದ ದಂಪತಿಗಳು ಹರಕೆ ಹೊರುತ್ತಾರೆ.

ಇನ್ನು ನನ್ನ ಮುಖ್ಯ ಕೋರಿಕೆ. ಆಲದ ಬಿಳಲು ನೆಲ ಮುಟ್ಟಿ ಬೇರೂರಿದ ಮೇಲೆಯೇ ಕಂಬದಂತೆ ದಪ್ಪವಾಗಿ ಕೊಂಬೆಯ ಭಾರ ಹೊರುವುದರಿಂದ, ಇನ್ನೂ ಗಾಳಿಯಲ್ಲಿ ತೂಗುತ್ತಿರುವ ಎಳೆಯ ಬಿಳಲುಗಳಿಗೆ ಮಕ್ಕಳು ಜೋತುಬೀಳದಂತೆ ಹಿರಿಯರು ದಯವಿಟ್ಟು ನೋಡಿಕೊಳ್ಳಬೇಕು. ಕಾಂಡದ ಮೇಲೆ ಹೆಸರು ಕೆತ್ತುವುದು, ಪ್ರಸಾದವೆಂದು ಎಲೆ ಕೀಳುವುದು ಖಂಡಿತ ಬೇಡ. ನಮ್ಮ ದೇವರಕಾಡುಗಳಲ್ಲಿ ಕತ್ತಿ ತಾಗಿಸಬಾರದೆಂಬ ಕಟ್ಟುಪಾಡಿನಲ್ಲೇ ಬೆಳೆದ ಕೊಡಗಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ನಮ್ಮ ಮಳೆನಾಡಿನ ತಂಪು ಅಲ್ಲಿಲ್ಲ. ಕುಡಿಯುವ ನೀರು, ಟೋಪಿ ತನ್ನಿ. ಬರುವವರು ಗುರುವಾರದೊಳಗೆ ಇಲ್ಲಿಯೇ ತಿಳಿಸಬೇಕಾಗಿ ವಿನಂತಿ.